ಶ್ವಾಸಕೋಶದ ಎವಿಎಂ, ಕಡಿಮೆ ಆಮ್ಲಜನಕ ಮತ್ತು ದೇಹದ ದಮ್ಮು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 86 ಎನ್ನುತ್ತಿದೆ. ಆ ಬೆರಳಿನ ಒಡೆಯ ಮಾತ್ರ ಮೂರು ಮಹಡಿ ಹತ್ತಿ ಬಂದು ಆರಾಮಾಗಿ ಮಾತಾಡುತ್ತಿದ್ದಾನೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಎವಿಎಂ, ಅಂದರೆ ರಕ್ತ ಗಾಳಿಯನ್ನು ಮುಟ್ಟದೆ ದಾಟಿಹೋಗುವ ಅಡ್ಡದಾರಿ, ಇರುವವರಲ್ಲಿ ಇದು ಅಪರೂಪವೇನಲ್ಲ. ಹಾಗೆಯೇ 94 ತೋರಿಸುತ್ತಿದ್ದರೂ ಬಸ್‌ಸ್ಟ್ಯಾಂಡಿನವರೆಗೆ ನಡೆಯಲಾಗದೆ ಕೂತುಬಿಡುವವರೂ ಇದ್ದಾರೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ, ಯಾವ ಅಂಕಿಯನ್ನು ನಂಬಬೇಕು, ಎಷ್ಟು ನಡೆಯಬಹುದು ಎಂದು ರೋಗಿಗಳೂ ಮನೆಯವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಚಿಕಿತ್ಸೆಯ ತೀರ್ಮಾನ, ಔಷಧಿಯ ಪ್ರಮಾಣ ಮಾತ್ರ ನಿಮ್ಮನ್ನು ಕಣ್ಣಾರೆ ನೋಡಿದ ವೈದ್ಯರಿಗೆ ಬಿಟ್ಟದ್ದು.

ಎವಿಎಂ ಅಂದರೆ ಏನು?

ಹೃದಯದ ಬಲಭಾಗದಿಂದ ಹೊರಟ ರಕ್ತ ಶ್ವಾಸಕೋಶದ ಅಪಧಮನಿಯಲ್ಲಿ ಹೋಗಿ, ಕವಲೊಡೆಯುತ್ತ, ಕೊನೆಗೆ ಲೋಮನಾಳಗಳಿಗೆ ಇಳಿಯುತ್ತದೆ. ಅವುಗಳ ಅಗಲ ಸುಮಾರು 8 ಮೈಕ್ರಾನ್, ಅಂದರೆ ಕೆಂಪು ರಕ್ತಕಣ ಮೈ ಹಿಡಿಮಾಡಿಕೊಂಡು ದಾಟುವಷ್ಟು. ರಕ್ತ ಗಾಳಿಯನ್ನು ಭೇಟಿಯಾಗುವುದು ಅಲ್ಲೇ. ಆಮ್ಲಜನಕ ಒಳಗೆ ಬರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಕಾಲಿನಿಂದ ತೇಲಿ ಬಂದ ಸಣ್ಣ ಹೆಪ್ಪು, ಹಲ್ಲಿನ ಸಂದಿಯಿಂದ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಇವೆಲ್ಲ ಸೋಸಿಹೋಗುವುದೂ ಅಲ್ಲೇ.

ಎವಿಎಂ (ಆರ್ಟೀರಿಯೋವೀನಸ್ ಮಾಲ್‌ಫಾರ್ಮೇಶನ್) ಇದ್ದಲ್ಲಿ ನಡುವಿನ ಈ ಜರಡಿಯೇ ಇರುವುದಿಲ್ಲ. ಅಪಧಮನಿ ನೇರವಾಗಿ ಅಭಿಧಮನಿಗೆ ಸೇರಿಕೊಂಡಿರುತ್ತದೆ, ಸೇರುವ ಜಾಗ ಚೀಲದಂತೆ ಉಬ್ಬಿರುತ್ತದೆ. ಅದೊಂದು ಕಳ್ಳದಾರಿ. ಆ ದಾರಿಯಲ್ಲಿ ನುಸುಳಿದ ರಕ್ತ ಗಾಳಿಯನ್ನು ಕಾಣದೆ, ಸೋಸದೆ, ಹೃದಯದ ಎಡಭಾಗ ಸೇರಿ ಅಲ್ಲಿಂದ ಮಿದುಳಿಗೂ ಹೋಗುತ್ತದೆ. ವೈದ್ಯರು ಇದನ್ನು ‘ಬಲದಿಂದ ಎಡಕ್ಕೆ ಶಂಟ್’ ಎನ್ನುತ್ತಾರೆ.

ಇದು ಯಾರಿಗೆ ಬರುತ್ತದೆ?

ಬಹುಪಾಲು ಜನರಲ್ಲಿ ಹಿಂದೆ ಇರುವುದು ಎಚ್‌ಎಚ್‌ಟಿ ಎಂಬ ವಂಶವಾಹಿ ಕಾಯಿಲೆ. ಹಳೆಯ ಹೆಸರು ಆಸ್ಲರ್–ವೆಬರ್–ರೆಂಡು. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇರುತ್ತದೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಎಂಡೋಗ್ಲಿನ್ ಜೀನ್‌ನಲ್ಲಿ ದೋಷವಿರುವ ಕುಟುಂಬಗಳಲ್ಲಿ ಶ್ವಾಸಕೋಶದ ಎವಿಎಂ ಹೆಚ್ಚು. ಎಸಿವಿಆರ್‌ಎಲ್1 ಜೀನ್‌ನಲ್ಲಿ ದೋಷವಿರುವ ಕುಟುಂಬಗಳಲ್ಲಿ ಯಕೃತ್ತಿನ ತೊಂದರೆ ಹೆಚ್ಚು.

ಸುಳಿವು ಮೂಗಿನಲ್ಲೇ ಇರುತ್ತದೆ. ಚಿಕ್ಕಂದಿನಿಂದ ಪದೇ ಪದೇ ಮೂಗಿನಿಂದ ರಕ್ತ, ತುಟಿ, ನಾಲಿಗೆ, ಬೆರಳ ತುದಿಯಲ್ಲಿ ಗುಂಡುಸೂಜಿ ತಲೆಯಷ್ಟು ಕೆಂಪು ಚುಕ್ಕೆ, ಒಳ ಅಂಗಗಳಲ್ಲಿ ಎವಿಎಂ, ಹತ್ತಿರದ ರಕ್ತಸಂಬಂಧಿಗೂ ಇದೇ ಕಾಯಿಲೆ. ಕ್ಯುರಾಸಾವೊ ಮಾನದಂಡ ಎಂದು ಕರೆಯುವ ಈ ನಾಲ್ಕರಲ್ಲಿ ಮೂರು ಇದ್ದರೆ ಎಚ್‌ಎಚ್‌ಟಿ ಖಚಿತ. ‘ಉಷ್ಣ ಆಗಿದೆ, ಅದಕ್ಕೇ ಮೂಗಲ್ಲಿ ರಕ್ತ’ ಎಂದು ಮೂರು ತಲೆಮಾರು ತಳ್ಳಿಹಾಕಿದ ಮನೆಗಳಲ್ಲಿ ಈ ಕಾಯಿಲೆ ತಡವಾಗಿ ಪತ್ತೆಯಾಗುತ್ತದೆ.

ಯಕೃತ್ತಿನ ಕಾಯಿಲೆಯಲ್ಲಿ, ಒಂದೇ ಕುಹರದ ಹೃದಯಕ್ಕೆ ಮಾಡುವ ಗ್ಲೆನ್ ಶಸ್ತ್ರಚಿಕಿತ್ಸೆಯ ನಂತರವೂ ಇಂಥ ಕಳ್ಳದಾರಿಗಳು ಹುಟ್ಟುವುದುಂಟು. ಅವುಗಳ ಲೆಕ್ಕಾಚಾರ ಬೇರೆ. ಈ ಪುಟದಲ್ಲಿ ಅವನ್ನು ತೆಗೆದುಕೊಂಡಿಲ್ಲ.

ಆಕ್ಸಿಮೀಟರ್ 86 ತೋರಿಸುತ್ತಿದೆ, ನನಗೇನೂ ಅನ್ನಿಸುತ್ತಿಲ್ಲ. ಯಂತ್ರ ಕೆಟ್ಟಿದೆಯೇ?

ಯಂತ್ರ ಸರಿಯಿರಬಹುದು. ಅದು ಹೇಳುವುದು ಅರ್ಧ ಕಥೆ ಮಾತ್ರ.

ಆಕ್ಸಿಮೀಟರ್ ಅಳೆಯುವುದು ಹಿಮೋಗ್ಲೋಬಿನ್‌ನ ಶೇಕಡ ಎಷ್ಟು ಪಾಲು ತುಂಬಿದೆ ಎಂಬುದನ್ನು. ಬಸ್ಸಿನ ನೂರು ಸೀಟಿನಲ್ಲಿ 86 ಭರ್ತಿ ಎಂದು ಅದು ಹೇಳುತ್ತದೆ. ಎಷ್ಟು ಬಸ್ಸು ಓಡುತ್ತಿವೆ ಎಂದು ಹೇಳುವುದಿಲ್ಲ. ಸ್ನಾಯುಗಳಿಗೆ ಬೇಕಾದದ್ದು ಒಟ್ಟು ಪ್ರಯಾಣಿಕರ ಸಂಖ್ಯೆ.

ಒಂದು ಗ್ರಾಂ ಹಿಮೋಗ್ಲೋಬಿನ್ ಪೂರ್ತಿ ತುಂಬಿದಾಗ ಸುಮಾರು 1.34 ಮಿಲಿ ಆಮ್ಲಜನಕ ಹೊರುತ್ತದೆ. ಹಾಗಾಗಿ 1.34 × ಹಿಮೋಗ್ಲೋಬಿನ್ × ಸ್ಯಾಚುರೇಶನ್ (ಆಕ್ಸಿಮೀಟರ್ ತೋರಿಸುವ ಶೇಕಡ ಅಂಕಿ; ಗುಣಿಸುವಾಗ 97 ಅಂದರೆ 0.97) ಎಂದು ಗುಣಿಸಿದರೆ 100 ಮಿಲಿ ರಕ್ತದಲ್ಲಿ ಎಷ್ಟು ಆಮ್ಲಜನಕವಿದೆ ಎಂದು ಸಿಗುತ್ತದೆ. ದ್ರವದಲ್ಲಿ ಕರಗಿರುವ ಪಾಲು ತೀರ ಕಡಿಮೆ, ಇಲ್ಲಿ ಬಿಡಬಹುದು. ನೀವೇ ಹಾಕಿ ನೋಡಿ:

ಹಿಮೋಗ್ಲೋಬಿನ್ 15, ಸ್ಯಾಚುರೇಶನ್ 97: 19.5 ಮಿಲಿ.
ಹಿಮೋಗ್ಲೋಬಿನ್ 17.2, ಸ್ಯಾಚುರೇಶನ್ 85: 19.6 ಮಿಲಿ.
ಹಿಮೋಗ್ಲೋಬಿನ್ 10, ಸ್ಯಾಚುರೇಶನ್ 97: 13 ಮಿಲಿ.
ಹಿಮೋಗ್ಲೋಬಿನ್ 10, ಸ್ಯಾಚುರೇಶನ್ 85: 11.4 ಮಿಲಿ.

ಎರಡನೇ ಸಾಲಿನವರ ಆಕ್ಸಿಮೀಟರ್ ನೋಡಿ ನೆಂಟರೆಲ್ಲ ಗಾಬರಿಯಾಗುತ್ತಾರೆ, ಆದರೆ ಅವರ ರಕ್ತದಲ್ಲಿ ಮೊದಲ ಸಾಲಿನವರಷ್ಟೇ ಆಮ್ಲಜನಕವಿದೆ. ಮೂರನೇ ಸಾಲಿನವರ ಆಕ್ಸಿಮೀಟರ್ ನೋಡಿ ಎಲ್ಲರೂ ನಿಟ್ಟುಸಿರುಬಿಡುತ್ತಾರೆ. ನಿಜವಾಗಿ ಕೊರತೆಯಿರುವುದು ಅವರಲ್ಲಿ. ಲಂಡನ್ನಿನ ಎಚ್‌ಎಚ್‌ಟಿ ತಜ್ಞರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಕಂಡುಕೊಂಡಿತು: ಎವಿಎಂ ಇರುವವರು ಎಷ್ಟು ಶ್ರಮದ ಕೆಲಸ ಮಾಡಬಲ್ಲರು ಎಂಬುದಕ್ಕೆ ಸ್ಯಾಚುರೇಶನ್‌ಗಿಂತ ರಕ್ತದಲ್ಲಿನ ಒಟ್ಟು ಆಮ್ಲಜನಕವೇ ಹೆಚ್ಚು ಸರಿಯಾದ ಸೂಚಕ.

ಆಮ್ಲಜನಕ ಕಡಿಮೆಯಿದ್ದರೆ ಹೃದಯಕ್ಕೆ ಹೊರೆ ಅಲ್ಲವೇ?

ಧೂಮಪಾನದಿಂದ ಶ್ವಾಸಕೋಶ ಹಾಳಾದವರಲ್ಲಿ ಆಮ್ಲಜನಕ ಇಳಿದಾಗ ಅಲ್ಲಿನ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಒತ್ತಡ ಏರುತ್ತದೆ, ಹೃದಯದ ಬಲಭಾಗ ಸೋಲುತ್ತದೆ. ಎವಿಎಂನಲ್ಲಿ ಸ್ಥಿತಿ ತಿರುಗಾಮುರುಗಾ. ಕಳ್ಳದಾರಿಯಲ್ಲಿ ಪ್ರತಿರೋಧವೇ ಕಡಿಮೆ. ಹಾಗಾಗಿ ಶ್ವಾಸಕೋಶದ ರಕ್ತದೊತ್ತಡ ಸಾಮಾನ್ಯವಾಗಿ ಮಾಮೂಲಾಗೇ ಇರುತ್ತದೆ, ಹೃದಯ ಪ್ರತಿ ನಿಮಿಷ ಹೆಚ್ಚು ರಕ್ತವನ್ನು ಸಲೀಸಾಗಿ ತಳ್ಳಬಲ್ಲದು. ರಕ್ತಕಣದ ಹೆಚ್ಚಳ, ಹೃದಯದ ಈ ಹೆಚ್ಚುವರಿ ಹರಿವು ಇವೆರಡೇ ದೇಹದ ಮುಖ್ಯ ಉಪಾಯಗಳು. ‘ನಿಮ್ಮ ಸ್ಯಾಚುರೇಶನ್‌ಗೆ ನೀವು ನಡೆದಾಡಲೇಬಾರದಿತ್ತು’ ಎಂದು ಯಾರಾದರೂ ಹೇಳಿದರೆ, ಅವರ ಮನಸ್ಸಿನಲ್ಲಿರುವುದು ಬೇರೆ ಕಾಯಿಲೆಯ ಚಿತ್ರ.

ಹಿಮೋಗ್ಲೋಬಿನ್ 17.8 ಬಂದಿದೆ, ಲ್ಯಾಬ್‌ನವರು ‘ಹೆಚ್ಚು’ ಎಂದು ಗುರುತು ಹಾಕಿದ್ದಾರೆ. ರಕ್ತ ತೆಗೆಸಬೇಕೇ?

ಬೇಡ. ಮೂತ್ರಪಿಂಡ ಆಮ್ಲಜನಕದ ಕೊರತೆಯನ್ನು ಗುರುತಿಸಿ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನ್ ಕಳಿಸಿದೆ, ಮೂಳೆಮಜ್ಜೆ ಹೆಚ್ಚು ರಕ್ತಕಣ ತಯಾರಿಸಿದೆ. ನಿಮ್ಮ ದಮ್ಮನ್ನು ಉಳಿಸಿರುವುದೇ ಅದು. ಎವಿಎಂ ಇರುವುದು ಗೊತ್ತಿಲ್ಲದ ಕಡೆ ‘ರಕ್ತ ಗಟ್ಟಿಯಾಗಿದೆ’ ಎಂದು ಒಂದು ಬಾಟಲಿ ತೆಗೆಸಿದರೆ ಎರಡು ನಷ್ಟ: ದಮ್ಮು ಇಳಿಯುತ್ತದೆ, ಕಬ್ಬಿಣ ಬರಿದಾಗುತ್ತದೆ. ಕಬ್ಬಿಣ ಬರಿದಾದರೆ ಪಾರ್ಶ್ವವಾಯುವಿನ ಅಪಾಯ ಏರುತ್ತದೆ, ಮುಂದೆ ಹೇಳಿದ್ದೇವೆ. ರಕ್ತದಾನಕ್ಕೂ ಇದೇ ಕಾರಣಕ್ಕೆ ಹೋಗಬೇಡಿ.

ನನ್ನ ಹಿಮೋಗ್ಲೋಬಿನ್ 13.5, ಅಂದರೆ ನಾರ್ಮಲ್. ಆದರೂ ವಿಪರೀತ ಸುಸ್ತು. ಯಾಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಲ್ಯಾಬ್ ವರದಿಯ ‘ನಾರ್ಮಲ್’ ಎಂಬುದು ಸ್ಯಾಚುರೇಶನ್ 97 ಇರುವವರಿಗಾಗಿ ಮಾಡಿದ್ದು. ನಿಮ್ಮ ಸ್ಯಾಚುರೇಶನ್ 82 ಇದ್ದರೆ, 13.5 ಹಿಮೋಗ್ಲೋಬಿನ್‌ನಲ್ಲಿ ನಿಮಗೆ ಸಿಗುವುದು 14.8 ಮಿಲಿ ಆಮ್ಲಜನಕ ಮಾತ್ರ. 97 ಇರುವವರಲ್ಲಿ ಇಷ್ಟೇ ಆಮ್ಲಜನಕ ಉಳಿಯಬೇಕಾದರೆ ಹಿಮೋಗ್ಲೋಬಿನ್ 11.4ಕ್ಕೆ ಇಳಿದಿರಬೇಕು. ಅಂದರೆ ವರದಿಯಲ್ಲಿ ಕಾಣದ ರಕ್ತಹೀನತೆ ನಿಮ್ಮಲ್ಲಿದೆ. 82 ಸ್ಯಾಚುರೇಶನ್‌ಗೆ ದೇಹ 17–18ರ ಹತ್ತಿರ ಏರಬೇಕಿತ್ತು. ಏರಿಲ್ಲವೆಂದರೆ ಕಾರ್ಖಾನೆಗೆ ಕಚ್ಚಾಮಾಲು ಸಿಕ್ಕಿಲ್ಲ. ಆ ಕಚ್ಚಾಮಾಲು ಕಬ್ಬಿಣ.

ಅದು ಹೋಗುವುದೆಲ್ಲಿ? ಮೂಗಿನಲ್ಲಿ. ಹಿಮೋಗ್ಲೋಬಿನ್ 15 ಇರುವ ಒಂದು ಮಿಲಿ ರಕ್ತದಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ದಿನಕ್ಕೆ ಎರಡು ಟೀ ಚಮಚ, ಅಂದರೆ 10 ಮಿಲಿ, ಮೂಗಿನಿಂದ ಹೋದರೆ 5 ಮಿಲಿಗ್ರಾಂ ಖರ್ಚು. ಊಟದಿಂದ ದೇಹ ಸಾಮಾನ್ಯವಾಗಿ ಹೀರಿಕೊಳ್ಳುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ. ಈ ಖಾತೆ ಯಾವತ್ತೂ ಸರಿದೂಗುವುದಿಲ್ಲ. ಕರುಳಿನ ಒಳಗೋಡೆಯ ಕೆಂಪು ಚುಕ್ಕೆಗಳಿಂದ ಒಸರುವುದು, ಹೆಂಗಸರಲ್ಲಿ ತಿಂಗಳ ಸ್ರಾವ ಇವು ಇನ್ನೂ ಲೆಕ್ಕಕ್ಕೆ ಸೇರಿಲ್ಲ.

ಕೇಳಬೇಕಾದ ಪರೀಕ್ಷೆಗಳು: ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಸೂಚಕ), ಸೀರಮ್ ಐರನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಶೇಕಡ ಎಷ್ಟು ತುಂಬಿದೆ ಎಂಬುದು; ಆಕ್ಸಿಮೀಟರ್‌ನ ಸ್ಯಾಚುರೇಶನ್ ಅಲ್ಲ). ಜ್ವರವೋ ಸೋಂಕೋ ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ, ಆದ್ದರಿಂದ ಅದೊಂದನ್ನೇ ನೆಚ್ಚಬೇಡಿ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಶೇ 20ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆಯನ್ನು ಗಂಭೀರವಾಗಿ ಅನುಮಾನಿಸಬೇಕು.

ಇದು ಬರೀ ಸುಸ್ತಿನ ಪ್ರಶ್ನೆಯೂ ಅಲ್ಲ. ಎಚ್‌ಎಚ್‌ಟಿಯಿಂದ ಶ್ವಾಸಕೋಶದ ಎವಿಎಂ ಬಂದ 497 ಜನರ ಮೇಲೆ ಲಂಡನ್ನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸೀರಮ್ ಐರನ್ ಲೀಟರಿಗೆ 6 ಮೈಕ್ರೊಮೋಲ್ ಇರುವವರಿಗೆ 17 ಇರುವವರಿಗಿಂತ ಪಾರ್ಶ್ವವಾಯುವಿನ ಸಾಧ್ಯತೆ ಸುಮಾರು ಎರಡರಷ್ಟು. ನಮ್ಮ ಲ್ಯಾಬ್‌ಗಳ ಮೈಕ್ರೊಗ್ರಾಂ ಅಳತೆಯಲ್ಲಿ ಅವು ಡೆಸಿಲೀಟರಿಗೆ ಸುಮಾರು 34 ಮತ್ತು 95. ಕಬ್ಬಿಣ ಕಡಿಮೆಯಾದಾಗ ಪ್ಲೇಟ್‌ಲೆಟ್‌ಗಳು ಬೇಗ ಗುಂಪುಗೂಡುವುದು ಕಾರಣವಿರಬಹುದು ಎಂಬುದು ಆ ತಂಡದ ವಿವರಣೆ.

ಕಬ್ಬಿಣವನ್ನು ಹೇಗೆ ಏರಿಸಿಕೊಳ್ಳುವುದು?

ರಕ್ತ ಸೋರುತ್ತಲೇ ಇರುವವರಿಗೆ ಊಟವೊಂದೇ ಸಾಲದು. ಸೊಪ್ಪು, ಹುರುಳಿ, ಮಾಂಸ ತಿನ್ನುವವರಿಗೆ ಈಲಿ (ಲಿವರ್) ಒಳ್ಳೆಯವೇ, ತಿನ್ನಿ. ಆದರೆ ಬೀಟ್‌ರೂಟ್ ರಸ ಕುಡಿದು ಮೂರು ತಿಂಗಳು ಕಾಯಬೇಡಿ. ಅದರಲ್ಲಿ ಬಣ್ಣವಿರುವಷ್ಟು ಕಬ್ಬಿಣವಿಲ್ಲ.

ಮಾತ್ರೆ ಕೊಳ್ಳುವಾಗ ಹೆಸರಿಗಿಂತ ‘ಧಾತುರೂಪದ ಕಬ್ಬಿಣ’ ಎಷ್ಟು ಎಂದು ನೋಡಿ. 200 ಮಿಲಿಗ್ರಾಂ ಫೆರಸ್ ಸಲ್ಫೇಟ್‌ನಲ್ಲಿ ನಿಜವಾದ ಕಬ್ಬಿಣ ಸುಮಾರು 65 ಮಿಲಿಗ್ರಾಂ. ಸರ್ಕಾರಿ ಆಸ್ಪತ್ರೆಯಲ್ಲಿ ದೊಡ್ಡವರಿಗೆ ಕೊಡುವ ಕೆಂಪು ಐಎಫ್‌ಎ (ಕಬ್ಬಿಣ ಮತ್ತು ಫೋಲಿಕ್ ಆಸಿಡ್) ಮಾತ್ರೆಯಲ್ಲಿ 60 ಮಿಲಿಗ್ರಾಂ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ನಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಂಡರೆ ಹೆಚ್ಚು ಹೀರಿಕೊಳ್ಳುತ್ತದೆ. ಕಾಫಿ, ಟೀ, ಹಾಲು, ರಾಗಿ ಗಂಜಿ, ಕ್ಯಾಲ್ಸಿಯಂ ಮಾತ್ರೆ ಇವುಗಳಿಗೂ ಕಬ್ಬಿಣಕ್ಕೂ ನಡುವೆ ಎರಡು ಗಂಟೆ ಬಿಡಿ. ಏಳುತ್ತಲೇ ಕಾಫಿ ಬೇಕೇ ಬೇಕು ಎನ್ನುವವರು ಮಾತ್ರೆಯನ್ನು ಮಲಗುವ ಮೊದಲಿಗೆ ಹಾಕಿಕೊಳ್ಳುವುದು ಜಾಣತನ. ಹೊಟ್ಟೆ ಉರಿ, ಮಲಬದ್ಧತೆ ಆದರೆ ಮಾತ್ರೆ ಬಿಟ್ಟುಬಿಡುವ ಬದಲು ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಮಲ ಕಪ್ಪಾಗುವುದು ಮಾತ್ರೆಯಿಂದಲೇ. ಆದರೆ ಡಾಂಬರಿನಂತೆ ಅಂಟಂಟಾಗಿ, ವಿಪರೀತ ನಾತ ಬಂದರೆ ಕರುಳಿನ ರಕ್ತಸ್ರಾವ ಇರಬಹುದು, ತೋರಿಸಿ.

ಒಂದೆರಡು ತಿಂಗಳಲ್ಲಿ ಏರದಿದ್ದರೆ ಕಬ್ಬಿಣವನ್ನು ಡ್ರಿಪ್ ಮೂಲಕ ಕೊಡುತ್ತಾರೆ. ಆಗ ನಳಿಕೆಯಲ್ಲಿ ಗಾಳಿಗುಳ್ಳೆ ಇರಕೂಡದು. ಜರಡಿ ಇಲ್ಲದ ಶ್ವಾಸಕೋಶದಲ್ಲಿ ಗುಳ್ಳೆ ನೇರ ಮಿದುಳಿಗೆ ಹೋಗಬಹುದು. ನರ್ಸ್‌ಗೆ ನೀವಾಗಿಯೇ ಹೇಳಿ: ‘ಏರ್ ಫಿಲ್ಟರ್ ಹಾಕಿ, ಇಲ್ಲವಾದರೆ ನಳಿಕೆ ಪೂರ್ತಿ ತುಂಬಿದ್ದನ್ನು ನೋಡಿ ಜೋಡಿಸಿ.’

ನಡೆಯುವಾಗ ಸ್ಯಾಚುರೇಶನ್ ಇನ್ನೂ ಇಳಿಯುತ್ತದೆಯೇ?

ಕೆಲವರಲ್ಲಿ ಇಳಿಯುತ್ತದೆ, ಕೆಲವರಲ್ಲಿ ಹಾಗೇ ನಿಲ್ಲುತ್ತದೆ. ಒಂದು ಲೆಕ್ಕ ನೋಡಿದರೆ ಅರ್ಥವಾಗುತ್ತದೆ. ರಕ್ತದ ಶೇ 20 ಪಾಲು ಕಳ್ಳದಾರಿಯಲ್ಲಿ ಹೋಗುತ್ತಿದೆ ಎನ್ನಿ. ಕುಳಿತಿರುವಾಗ ದೇಹದಿಂದ ವಾಪಸಾಗುವ ರಕ್ತದ ಸ್ಯಾಚುರೇಶನ್ 75. ಶ್ವಾಸಕೋಶದ ಸರಿದಾರಿಯಲ್ಲಿ ಬಂದದ್ದು 98. ಬೆರೆತಾಗ 93 ಆಗುತ್ತದೆ. ಜೋರಾಗಿ ನಡೆಯುವಾಗ ಸ್ನಾಯುಗಳು ಹೆಚ್ಚು ಹೀರಿ, ವಾಪಸಾಗುವ ರಕ್ತ 40ಕ್ಕೆ ಇಳಿಯಿತು ಎನ್ನಿ. ಕಳ್ಳದಾರಿ ಅಷ್ಟೇ ಇದ್ದರೂ ಬೆರೆತ ರಕ್ತ 86 ಆಗುತ್ತದೆ. ಆದರೆ ವ್ಯಾಯಾಮದಲ್ಲಿ ಆರೋಗ್ಯವಾಗಿರುವ ಲೋಮನಾಳಗಳು ಹೊಸದಾಗಿ ತೆರೆದುಕೊಳ್ಳುತ್ತವೆ. ಅದರಿಂದ ಕಳ್ಳದಾರಿಯ ಪಾಲು ಶೇ 12ಕ್ಕೆ ಇಳಿದರೆ ಸ್ಯಾಚುರೇಶನ್ 91ರಲ್ಲಿ ನಿಲ್ಲುತ್ತದೆ. ಯಾರಲ್ಲಿ ಯಾವುದು ಗೆಲ್ಲುತ್ತದೆ ಎಂದು ಅಳೆದೇ ತಿಳಿಯಬೇಕು.

ಮಲಗಿದಾಗ 92, ನಿಂತಾಗ 86. ಇದು ಸಾಧ್ಯವೇ?

ಸಾಧ್ಯ. ಎವಿಎಂಗಳು ಹೆಚ್ಚಾಗಿ ಶ್ವಾಸಕೋಶದ ಕೆಳಭಾಗದಲ್ಲಿರುತ್ತವೆ. ನಿಂತಾಗ ರಕ್ತ ಕೆಳಕ್ಕೆ ಇಳಿಯುತ್ತದೆ, ಕಳ್ಳದಾರಿಗೆ ಹೆಚ್ಚು ಪಾಲು ಸಿಗುತ್ತದೆ. ಬೇರೆ ಶ್ವಾಸಕೋಶದ ಕಾಯಿಲೆಗಳಿಗೆ ತೀರ ತದ್ವಿರುದ್ಧವಾದ್ದರಿಂದ ಇದು ವೈದ್ಯರಿಗೆ ಒಳ್ಳೆಯ ಸುಳಿವು.

ಮನೆಯಲ್ಲಿ ಆಕ್ಸಿಮೀಟರ್ ಹೇಗೆ ಇಡಬೇಕು?

ಉಗುರು ಬಣ್ಣ ಅಳಿಸಿ. ಕಪ್ಪು ಮೆಹಂದಿ ಇರುವ ಬೆರಳು ಬೇಡ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಹತ್ತು ನಿಮಿಷ ಮಲಗಿ, ಅಂಕಿ ಅಲುಗಾಡದೆ ನಿಂತ ಮೇಲೆ ಬರೆದುಕೊಳ್ಳಿ. ಆಮೇಲೆ ಹತ್ತು ನಿಮಿಷ ನಿಂತು, ಏಳನೇ ನಿಮಿಷದಿಂದ ಹತ್ತರವರೆಗೆ ನಿಮಿಷಕ್ಕೊಮ್ಮೆ ಬರೆದು ಸರಾಸರಿ ತೆಗೆಯಿರಿ. ನಾಡಿಯ ಅಂಕಿಯನ್ನೂ ಬರೆಯಿರಿ. ತಿಂಗಳಿಗೊಮ್ಮೆ ಸಾಕು. ಎರಡು ಅಂಕಿ ಅತ್ತಿತ್ತ ಆಗುವುದು ಯಂತ್ರದ ಸ್ವಭಾವ. ಕಪ್ಪು ಮೈಬಣ್ಣದವರಲ್ಲಿ ನಿಜಕ್ಕಿಂತ ತುಸು ಹೆಚ್ಚು ತೋರಿಸುವುದೂ ಉಂಟು. ದಿನಕ್ಕೆ ಹತ್ತು ಸಲ ನೋಡುವುದರಿಂದ ಆತಂಕವೊಂದು ಬಿಟ್ಟು ಬೇರೇನೂ ಏರುವುದಿಲ್ಲ.

ಆಸ್ಪತ್ರೆಯಲ್ಲಿ ದಮ್ಮನ್ನು ಹೇಗೆ ಅಳೆಯುತ್ತಾರೆ?

ಸರಳವಾದದ್ದು ಆರು ನಿಮಿಷದ ನಡಿಗೆ. 30 ಮೀಟರ್ ಉದ್ದದ ಸಮತಟ್ಟು ಕಾರಿಡಾರಿನಲ್ಲಿ ಆರು ನಿಮಿಷದಲ್ಲಿ ಎಷ್ಟು ದೂರ ನಡೆದಿರಿ, ಕೊನೆಗೆ ಸ್ಯಾಚುರೇಶನ್ ಎಷ್ಟು, ಏದುಸಿರು 0ಯಿಂದ 10ರಲ್ಲಿ ಎಷ್ಟು ಎಂದು ಬರೆಯುತ್ತಾರೆ. ಮಾಮೂಲಿ ಚಪ್ಪಲಿ ಬೇಡ, ಕಾಲಿಗೆ ಕೂರುವ ಶೂ ಹಾಕಿಕೊಂಡು ಹೋಗಿ.

ಹೆಚ್ಚು ವಿವರ ಬೇಕಾದಾಗ ಸಿಪಿಇಟಿ. ಮುಖಕ್ಕೆ ಮಾಸ್ಕ್ ಕಟ್ಟಿ ಸೈಕಲ್ ತುಳಿಸುತ್ತಾರೆ. ಭಾರ ಮೆಲ್ಲಗೆ ಏರುತ್ತ 8–12 ನಿಮಿಷದಲ್ಲಿ ನೀವು ಸಾಕೆನ್ನುವ ಹಾಗೆ ಹೊಂದಿಸಿರುತ್ತಾರೆ. ವರದಿಯಲ್ಲಿ ಎರಡು ಅಂಕಿಗಳ ಬಗ್ಗೆ ಕೇಳಿ. ಒಂದು ‘ಆಕ್ಸಿಜನ್ ಪಲ್ಸ್’, ಹೃದಯದ ಒಂದು ಬಡಿತಕ್ಕೆ ದೇಹ ಎಷ್ಟು ಆಮ್ಲಜನಕ ಬಳಸಿತು ಎಂಬುದು. ಎವಿಎಂ ಇದ್ದೂ ಇದು ಚೆನ್ನಾಗಿದ್ದರೆ ದೇಹ ಸರಿದೂಗಿಸಿಕೊಂಡಿದೆ ಎಂದರ್ಥ. ಇನ್ನೊಂದು, ಹೊರಹೋಗುವ ಇಂಗಾಲದ ಡೈಆಕ್ಸೈಡ್‌ಗೆ ಹೋಲಿಸಿದರೆ ನೀವು ಎಷ್ಟು ಗಾಳಿ ಆಡಿಸಬೇಕಾಗಿದೆ ಎಂಬ ಅನುಪಾತ. ಇದು ಎವಿಎಂನಲ್ಲಿ ಏರಿರುತ್ತದೆ. ಕಳ್ಳದಾರಿಯ ರಕ್ತ ಇಂಗಾಲದ ಡೈಆಕ್ಸೈಡನ್ನೂ ಬಿಡದೆ ವಾಪಸು ತರುತ್ತದಲ್ಲ, ಆ ಪಾಲನ್ನೂ ಉಳಿದ ಶ್ವಾಸಕೋಶವೇ ಹೊರಹಾಕಬೇಕು. ಹಾಗಾಗಿ ಪಕ್ಕದವರಷ್ಟೇ ವೇಗದಲ್ಲಿ ನಡೆದರೂ ನಿಮ್ಮ ಉಸಿರಾಟ ಜಾಸ್ತಿ.

ಹಾಗಾದರೆ ನನಗೆ ನಿಜವಾಗಿಯೂ ದಮ್ಮು ಕಟ್ಟುತ್ತದಲ್ಲ, ಅದಕ್ಕೇನು ಕಾರಣ?

ಎವಿಎಂ ತೀರ ದೊಡ್ಡದಿದ್ದರೆ ಅದೇ ಕಾರಣವಿರಬಹುದು. ಸ್ಯಾಚುರೇಶನ್ 80ಕ್ಕಿಂತ ಕೆಳಗಿಳಿದವರಲ್ಲಿ ಈ ಉಪಾಯಗಳಿಗೂ ಒಂದು ಮಿತಿಯಿದೆ. ಉಳಿದವರಲ್ಲಿ ಎಲ್ಲವನ್ನೂ ಎವಿಎಂ ತಲೆಗೆ ಕಟ್ಟುವ ಮೊದಲು ಬೇರೆ ಕಾರಣ ಹುಡುಕಬೇಕು.

ಕಬ್ಬಿಣದ ಮಾತು ಆಗಲೇ ಆಯಿತು. ಎರಡನೆಯದು ಅಸ್ತಮಾ ಅಥವಾ ಬೇರೆ ಯಾವುದಾದರೂ ಕಾರಣದಿಂದ ಶ್ವಾಸನಾಳ ಕಿರಿದಾಗಿರುವುದು. ಎವಿಎಂ ಇರುವವರು ಹೆಚ್ಚು ಗಾಳಿ ಆಡಿಸಿಯೇ ಸರಿದೂಗಿಸುತ್ತಾರೆ. ಗಾಳಿಯ ದಾರಿಯೇ ಇಕ್ಕಟ್ಟಾದರೆ ಆ ಉಪಾಯಕ್ಕೆ ಬೀಗ ಬಿದ್ದಂತೆ. 2019ರ ಒಂದು ಅಧ್ಯಯನದಲ್ಲೂ ಇವರ ವ್ಯಾಯಾಮದ ಶಕ್ತಿ ಆಮ್ಲಜನಕದ ಕೊರತೆಗಿಂತ ಗಾಳಿಯ ಹರಿವಿನ ಅಡಚಣೆಗೆ ತಕ್ಕಂತೆ ಏರಿಳಿಯುವುದು ಕಂಡಿತು. ಒಂದು ಸ್ಪೈರೋಮೆಟ್ರಿ (ನಳಿಕೆಗೆ ಜೋರಾಗಿ ಊದಿಸಿ ನೋಡುವ ಪರೀಕ್ಷೆ) ಸಾಕು ಪತ್ತೆಗೆ. ಇನ್ಹೇಲರ್‌ನಿಂದ ಸಿಗುವ ಲಾಭ ಕೆಲವೊಮ್ಮೆ ದೊಡ್ಡದೇ. ಒಲೆ ಹೊಗೆ, ಬೀಡಿ, ಸಿಗರೇಟು ಇದ್ದರೆ ಅದನ್ನು ಮೊದಲು ಬಿಡಿ.

ಎಚ್‌ಎಚ್‌ಟಿಯಲ್ಲಿ ಯಕೃತ್ತಿನ ಎವಿಎಂಗಳಿಂದ ಹೃದಯ ಅತಿಯಾಗಿ ದುಡಿದು ಸೋಲುವುದು, ಕೆಲವರಲ್ಲಿ ಶ್ವಾಸಕೋಶದ ರಕ್ತದೊತ್ತಡ ಏರುವುದು, ಹೃದಯದ ಬಡಿತ ತಾಳ ತಪ್ಪುವುದು ಇವಕ್ಕೆ ಎಕೋ ಮತ್ತು ಇಸಿಜಿ ಬೇಕು. ಇನ್ನುಳಿದದ್ದು ತೀರ ಮಾಮೂಲಿ ಕಾರಣ: ‘ಹುಷಾರು, ಓಡಾಡಬೇಡ’ ಎಂದು ಮನೆಯವರು ವರ್ಷಗಟ್ಟಲೆ ಕೂರಿಸಿ, ಕಾಲಿನ ಸ್ನಾಯು ಕರಗಿರುವುದು.

ಯಾವ ವ್ಯಾಯಾಮ, ಎಷ್ಟು?

ಮಿದುಳಿನ ಎವಿಎಂ ಇಲ್ಲ, ಶ್ವಾಸಕೋಶದ ರಕ್ತದೊತ್ತಡ ಸರಿಯಿದೆ, ಕಬ್ಬಿಣ ಸರಿಯಿದೆ ಎಂದು ಒಮ್ಮೆ ಖಚಿತವಾದ ಮೇಲೆ ಹೆಚ್ಚಿನವರು ಮಾಮೂಲಾಗಿ ವ್ಯಾಯಾಮ ಮಾಡಬಹುದು.

ಬಹಳ ದಿನ ಕೂತಿದ್ದವರು ಮೊದಲ ಎರಡು ವಾರ ಸಮತಟ್ಟು ದಾರಿಯಲ್ಲಿ ಹತ್ತು ಹತ್ತು ನಿಮಿಷ, ದಿನಕ್ಕೆರಡು ಸಲ ನಡೆಯಿರಿ. ನಂತರ ವಾರಕ್ಕೆ ಐದು ನಿಮಿಷ ಸೇರಿಸುತ್ತ, ವಾರದಲ್ಲಿ ಐದು ದಿನ 30 ನಿಮಿಷಕ್ಕೆ ಮುಟ್ಟಿ. ಏರುದಾರಿ, ಮೆಟ್ಟಿಲು ಆಮೇಲೆ. ವೇಗದ ಅಳತೆ ಸುಲಭ: ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಹಾಡಲು ಬರಬಾರದು. ವಾರಕ್ಕೆರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ನೀರು ತುಂಬಿದ ಒಂದು ಲೀಟರ್ ಬಾಟಲಿ ಎತ್ತುವುದು, ತಲಾ 10–12 ಸಲ. ಎತ್ತುವಾಗ ಉಸಿರು ಬಿಡಿ, ಬಿಗಿಹಿಡಿಯಬೇಡಿ. ಮುಗಿಸುವಾಗ ತಟ್ಟನೆ ನಿಲ್ಲದೆ ಐದು ನಿಮಿಷ ನಿಧಾನ ನಡೆಯಿರಿ.

ನಡೆಯುವಾಗ ಆಕ್ಸಿಮೀಟರ್ ಮನೆಯಲ್ಲೇ ಇರಲಿ. ಕೈ ಅಲ್ಲಾಡುವಾಗ ಅದು ಬಾಯಿಗೆ ಬಂದ ಅಂಕಿ ತೋರಿಸುತ್ತದೆ, ಅದನ್ನು ನೋಡಿ ಅರ್ಧದಾರಿಯಲ್ಲಿ ಕುಳಿತವರು ಬಹಳ ಮಂದಿ. ಜೇಬಿನಲ್ಲಿ ಕರವಸ್ತ್ರವಂತೂ ಇರಲಿ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಎತ್ತಬೇಡಿ. ಮುಂದಕ್ಕೆ ಬಾಗಿ ಕುಳಿತು ಮೂಗಿನ ಮೆತ್ತನೆ ಭಾಗವನ್ನು 10–15 ನಿಮಿಷ ಬಿಡದೆ ಒತ್ತಿಹಿಡಿಯಿರಿ.

ಏನು ಮಾಡಬಾರದು?

ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳನೀರಿಗೆ ಇಳಿಯುವ ಸ್ಕೂಬಾ ಡೈವಿಂಗ್ ಬೇಡವೇ ಬೇಡ. ಮೇಲೆ ಬರುವಾಗ ರಕ್ತದಲ್ಲಿ ಹುಟ್ಟುವ ಗುಳ್ಳೆಗಳನ್ನು ಸೋಸಲು ಜರಡಿ ಇಲ್ಲ. ಮಾಮೂಲಿ ಈಜಿಗೆ ಅಡ್ಡಿಯಿಲ್ಲ. ಪ್ರಾಣಾಯಾಮ ಮಾಡುವವರು ಕುಂಭಕ ಬಿಟ್ಟು ಉಳಿದದ್ದು ಮಾಡಿ.

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ಟುಕೊಳ್ಳಬೇಕೇ?

ಬಹುಪಾಲು ಜನರಿಗೆ ಅಗತ್ಯವಿಲ್ಲ. ಎಷ್ಟೇ ಆಮ್ಲಜನಕ ಕೊಟ್ಟರೂ ಕಳ್ಳದಾರಿಯ ರಕ್ತ ಗಾಳಿಯನ್ನು ನೋಡುವುದೇ ಇಲ್ಲ. ಆ ಹಣಕ್ಕೆ ಕಬ್ಬಿಣದ ಪರೀಕ್ಷೆ, ಸಿಟಿ ಸ್ಕ್ಯಾನ್ ಆಗುತ್ತದೆ.

ಎಂಬೊಲೈಸೇಶನ್ ಮಾಡಿಸಿದರೆ ದಮ್ಮು ಹೆಚ್ಚುತ್ತದೆಯೇ?

ತೊಡೆಸಂದಿಯ ಅಭಿಧಮನಿಯಿಂದ ಸಣ್ಣ ನಳಿಕೆ ತೂರಿಸಿ, ಎವಿಎಂಗೆ ರಕ್ತ ಒಯ್ಯುವ ಅಪಧಮನಿಯನ್ನು ಲೋಹದ ಕಾಯಿಲ್ ಅಥವಾ ಪ್ಲಗ್‌ನಿಂದ ಮುಚ್ಚುವುದೇ ಎಂಬೊಲೈಸೇಶನ್. ಆ ಅಪಧಮನಿ 2–3 ಮಿಲಿಮೀಟರ್ ಅಥವಾ ಹೆಚ್ಚು ಅಗಲವಿದ್ದರೆ ಸಾಮಾನ್ಯವಾಗಿ ಮುಚ್ಚಲು ಸಲಹೆ ಮಾಡುತ್ತಾರೆ. ಮಾಡುವವರು ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್. ಶ್ವಾಸಕೋಶದ ಎವಿಎಂಗಳನ್ನೇ ಮುಚ್ಚಿದ ಅನುಭವ ಎಷ್ಟಿದೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಸ್ಯಾಚುರೇಶನ್ ಏರುತ್ತದೆ. ದಮ್ಮು ಅಷ್ಟೇ ಪ್ರಮಾಣದಲ್ಲಿ ಏರುತ್ತದೆ ಎಂದು ನಿರೀಕ್ಷಿಸಬೇಡಿ. 86 ಇದ್ದದ್ದು 95 ಆದ ಮೇಲೆ, ಹೆಚ್ಚುವರಿ ರಕ್ತಕಣ ಬೇಕಿಲ್ಲವೆಂದು ದೇಹಕ್ಕೆ ತಿಳಿಯುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಕೆಲವು ತಿಂಗಳಲ್ಲಿ 17 ಇದ್ದ ಹಿಮೋಗ್ಲೋಬಿನ್ 15ರ ಹತ್ತಿರ ಬಂದು ನಿಲ್ಲುತ್ತದೆ. ಒಟ್ಟು ಆಮ್ಲಜನಕ ಮೊದಲಿನಷ್ಟೇ. 2014ರಲ್ಲಿ ಲಂಡನ್ನಿನ ತಂಡ ಚಿಕಿತ್ಸೆಗೆ ಮೊದಲೂ ಆಮೇಲೂ ಸೈಕಲ್ ತುಳಿಸಿ ನೋಡಿದಾಗ ಬಡಿತಕ್ಕೊಂದರ ಆಮ್ಲಜನಕ ಹೆಚ್ಚುಕಡಿಮೆ ಬದಲಾಗಿರಲಿಲ್ಲ. ಹಿಮೋಗ್ಲೋಬಿನ್ ಇಳಿಯಿತೆಂದು ಗಾಬರಿಯಾಗಬೇಡಿ. ಆದರೆ ಫೆರಿಟಿನ್ ಕೂಡ ಇಳಿದಿದ್ದರೆ ಅದು ಬೇರೆ ವಿಷಯ.

ಹಾಗಿದ್ದರೆ ಮಾಡಿಸುವುದು ಯಾಕೆ? ಪಾರ್ಶ್ವವಾಯು, ಮಿದುಳಿನ ಕೀವುಗಡ್ಡೆ, ಎವಿಎಂ ಒಡೆದು ಎದೆಯೊಳಗೆ ರಕ್ತಸ್ರಾವ ಇವುಗಳಿಂದ ಪಾರಾಗಲು. ‘ನನಗೆ ನಡೆಯಲು ತೊಂದರೆಯೇ ಇಲ್ಲವಲ್ಲ’ ಎಂದು ಮುಂದೂಡುವವರು ಈ ಲೆಕ್ಕವನ್ನು ಮರೆಯುತ್ತಾರೆ. ನಡೆಯುವ ಶಕ್ತಿಗೂ ಮಿದುಳಿನ ಅಪಾಯಕ್ಕೂ ಇಲ್ಲಿ ಸಂಬಂಧವಿಲ್ಲ. ಸ್ಯಾಚುರೇಶನ್ 96 ಇರುವ ಸಣ್ಣ ಎವಿಎಂನಲ್ಲೂ ಹೆಪ್ಪು ದಾಟಬಹುದು.

ಮಾಡಿಸಿದ ಮೇಲೆ ಯಾವಾಗ ನಡೆಯಬಹುದು?

ಮರುದಿನದಿಂದ ಮನೆಯೊಳಗೆ. ಭಾರ ಎತ್ತುವುದು, ಓಟ ಒಂದು ವಾರ ಬೇಡ. ಮೊದಲ ಕೆಲವು ದಿನ ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚುವ ನೋವು ಸುಮಾರು ಹತ್ತರಲ್ಲಿ ಒಬ್ಬರಿಗೆ ಬರುತ್ತದೆ, ಮಾತ್ರೆಯಲ್ಲಿ ಇಳಿಯುತ್ತದೆ. 6–12 ತಿಂಗಳಿಗೆ ಸಿಟಿ ಸ್ಕ್ಯಾನ್, ಆಮೇಲೆ ಸುಮಾರು ಮೂರು ವರ್ಷಕ್ಕೊಮ್ಮೆ. ಮುಚ್ಚಿದ್ದು ಮತ್ತೆ ತೆರೆದುಕೊಳ್ಳುವುದು, ಚಿಕ್ಕವು ಬೆಳೆಯುವುದು ಎರಡೂ ಇದೆ. ಗುಳ್ಳೆ ಎಕೋ ಪರೀಕ್ಷೆಯಲ್ಲಿ (ರಕ್ತಕ್ಕೆ ಅತಿ ಸಣ್ಣ ಗುಳ್ಳೆಗಳನ್ನು ಬಿಟ್ಟು ಅವು ಹೃದಯದ ಎಡಭಾಗಕ್ಕೆ ದಾಟುತ್ತವೆಯೇ ಎಂದು ನೋಡುವುದು) ಗುಳ್ಳೆ ಕಾಣಿಸುತ್ತಲೇ ಇರಬಹುದು; ಚಿಕಿತ್ಸೆ ಸೋತಿತೆಂದು ಅದರರ್ಥವಲ್ಲ.

ವಿಮಾನ, ಬೆಟ್ಟ?

ವಿಮಾನದೊಳಗಿನ ಗಾಳಿ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗಬಹುದು. ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್ ಆಸುಪಾಸು. ಹೆಚ್ಚಿನವರು ಎರಡನ್ನೂ ತಾಳಿಕೊಳ್ಳುತ್ತಾರೆ. ವಿಮಾನದಲ್ಲಿ ಭಯಪಡಬೇಕಾದದ್ದು ಕಾಲಿನ ಹೆಪ್ಪು: ನೀರು ಕುಡಿಯಿರಿ, ಗಂಟೆಗೊಮ್ಮೆ ಎದ್ದು ನಡೆಯಿರಿ. ಲೇಹ್‌ನಂಥ 3,500 ಮೀಟರ್ ಊರಿಗೆ ಹೊರಡುವುದಾದರೆ ಮೊದಲು ತಜ್ಞರನ್ನು ಕೇಳಿ.

ಗರ್ಭಿಣಿಯಾದರೆ?

ಸಾಧ್ಯವಾದರೆ ಗರ್ಭ ಧರಿಸುವ ಮೊದಲೇ ಸಿಟಿ ಮಾಡಿಸಿ, ಬೇಕಿದ್ದರೆ ಮುಚ್ಚಿಸಿ. ಗರ್ಭದಲ್ಲಿ ಎವಿಎಂ ಬೆಳೆಯಬಹುದು, ಒಡೆಯಬಹುದು. ಬಹುತೇಕ ಗರ್ಭಗಳು ಸುಸೂತ್ರವಾಗಿಯೇ ಮುಗಿಯುತ್ತವೆ. ಆದರೂ ಕೆಮ್ಮಿದಾಗ ರಕ್ತ, ಹಠಾತ್ ಎದೆನೋವು, ಹಠಾತ್ ಏದುಸಿರು ಕಂಡರೆ ಒಂದು ಗಂಟೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ.

ಯಾವಾಗ 108ಕ್ಕೆ ಕರೆ ಮಾಡಬೇಕು?

ಮುಖ ಸೊಟ್ಟಗಾಗುವುದು, ಒಂದು ಕೈಯೋ ಕಾಲೋ ಸೋಲುವುದು, ಮಾತು ತೊದಲುವುದು, ಕೆಮ್ಮಿದಾಗ ರಕ್ತ, ಹಠಾತ್ ಏದುಸಿರು ಅಥವಾ ಎದೆನೋವು, ಜ್ವರದ ಜೊತೆ ಬಿಡದ ತಲೆನೋವು, ವಾಂತಿ, ಮಂಕು, ಫಿಟ್ಸ್. ಜ್ವರದ ಜೊತೆ ತಲೆನೋವು, ವಾಂತಿ, ಮಂಕು, ಫಿಟ್ಸ್ ಬಂದರೆ ಅದು ಮಿದುಳಿನ ಕೀವುಗಡ್ಡೆ ಇರಬಹುದು. ‘ವೈರಲ್ ಜ್ವರ’ ಎಂದು ಕಳಿಸಿಬಿಡುವ ಸಾಧ್ಯತೆ ಹೆಚ್ಚು. ‘ನನಗೆ ಶ್ವಾಸಕೋಶದ ಎವಿಎಂ ಇದೆ’ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ.

ಹಲ್ಲಿನ ವೈದ್ಯರಿಗೂ ಹೇಳಬೇಕೇ?

ಅವರಿಗೆ ಮೊದಲು ಹೇಳಿ. ಹಲ್ಲು ಕೀಳುವ, ಶುಚಿಮಾಡುವ, ವಸಡಿನಲ್ಲಿ ರಕ್ತ ಬರುವ ಯಾವ ಕೆಲಸಕ್ಕೂ ಮುಂಚೆ ಆ್ಯಂಟಿಬಯಾಟಿಕ್ ಬೇಕು. ಎಂಬೊಲೈಸೇಶನ್ ಆದ ಮೇಲೂ ಈ ನಿಯಮ ಬದಲಾಗುವುದಿಲ್ಲ. ದಿನಕ್ಕೆರಡು ಸಲ ಹಲ್ಲುಜ್ಜಿ, ಆರು ತಿಂಗಳಿಗೊಮ್ಮೆ ತೋರಿಸಿ.

ವೈದ್ಯರ ಬಳಿ ಹೋಗುವಾಗ ಏನು ಒಯ್ಯಬೇಕು?

ಒಂದೇ ಹಾಳೆಯಲ್ಲಿ: ಮಲಗಿದಾಗ ಮತ್ತು ನಿಂತಾಗಿನ ಸ್ಯಾಚುರೇಶನ್, ಅದೇ ವಾರದ ಹಿಮೋಗ್ಲೋಬಿನ್, ಎರಡನ್ನೂ 1.34ರಿಂದ ಗುಣಿಸಿದ ಉತ್ತರ, ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ವಾರಕ್ಕೆ ಎಷ್ಟು ಸಲ ಎಷ್ಟು ನಿಮಿಷ ಮೂಗಿನಲ್ಲಿ ರಕ್ತ, ನಿಲ್ಲದೆ ಎಷ್ಟು ಮಹಡಿ ಹತ್ತುತ್ತೀರಿ. ಹಿಂದಿನ ಸಿಟಿಯ ಸಿ.ಡಿ. ಇದ್ದರೆ ಅದೂ ಇರಲಿ, ವರದಿಯ ಕಾಗದ ಮಾತ್ರ ಸಾಲದು. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗೆ ಮೂಗಿನ ರಕ್ತ, ಯಾರಿಗೆ ಚಿಕ್ಕ ವಯಸ್ಸಿನಲ್ಲಿ ಲಕ್ವ ಹೊಡೆದಿತ್ತು ಎಂದು ಹಾಳೆಯ ಹಿಂದೆ ಬರೆದಿಡಿ.